ಹಸ್ತದ ಮಳೆಯಲ್ಲಿ ಹೊಸ ಶೂ

ಹೊರಡುವ ಮುನ್ನ: ಶಿವಮೊಗ್ಗ

ಕಳೆದ ವರ್ಷ ಕೊಡಚಾದ್ರಿ ಇಳಿಯುವಾಗ ನನ್ನ ಬಲಗಾಲಿನ ಬೂಟಿನ ಅಟ್ಟೆ ಕಳಚಿ ಬಿತ್ತು. ಸವೆದಿರಲಿಲ್ಲ, ಹರಿದೂ ಇರಲಿಲ್ಲ. ಅಟ್ಟೆಗೂ ಮೇಲ್ಭಾಗಕ್ಕೂ ನಡುವಿನ ಮೆತ್ತನೆಯ ಪದರ ಹಳೇ ರಸ್ಕಿನ ಹಾಗೆ ಪುಡಿಪುಡಿಯಾಗಿತ್ತು. ಆರು ವರ್ಷ ಅಟ್ಟದ ಮೇಲಿದ್ದ ಬೂಟು ಅದು, ಹಾಕಿದ್ದು ಹತ್ತು ಸಲವೂ ಇರಲಿಕ್ಕಿಲ್ಲ. ಪಾಲಿಯುರೆಥೇನ್ ಎನ್ನುವ ಆ ಪದರಕ್ಕೆ ಗಾಳಿಯ ತೇವ ಆಗಿಬರುವುದಿಲ್ಲ, ಹಾಕದೆ ಸುಮ್ಮನೆ ಇಟ್ಟರೂ ಒಳಗೊಳಗೇ ಜೀರ್ಣವಾಗುತ್ತದೆ ಎಂದು ಆಮೇಲೆ ತಿಳಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಸರು ಹಿಡಿಯುತ್ತದೆ, ಇನ್ನು ಬೂಟಿನ ಪಾಡೇನು! ಆವತ್ತು ಜೀಪಿನ ಡ್ರೈವರೊಬ್ಬರು ಪ್ಲಾಸ್ಟಿಕ್ ಹಗ್ಗದಲ್ಲಿ ಅಟ್ಟೆ ಬಿಗಿದುಕೊಟ್ಟರು. ಅದರಲ್ಲೇ ಅರ್ಧ ಮೈಲಿ ನಡೆದು, ಕಲ್ಲಿನ ಮೇಲೆ ಕಾಲು ಹೊರಳಿ ಉಳುಕಿತು. ಎರಡು ತಿಂಗಳು ಮೆಟ್ಟಿಲು ಹತ್ತಲು ಆಗಲಿಲ್ಲ.

ಹಾಗಾಗಿ ಈ ವರ್ಷ ಗಣಪತಿ ಹಬ್ಬ ಮುಗಿದ ವಾರವೇ ಮಗಳನ್ನು ಕರೆದುಕೊಂಡು ನೆಹರೂ ರಸ್ತೆಗೆ ಹೋದೆ, ಸಂಜೆ ಆರರ ಮೇಲೆ. ಬೆಳಗಿನಿಂದ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ, ಗುಡ್ಡ ಹತ್ತುವಾಗಲೂ ಅಷ್ಟೇ. ಬೆಳಗ್ಗೆ ಸರಿಹೋದ ಶೂ ಮಧ್ಯಾಹ್ನದ ಹೊತ್ತಿಗೆ ಕಚ್ಚಲು ಶುರುಮಾಡುವುದು ಇದಕ್ಕೇ. ಚಾರಣಕ್ಕೆ ಹಾಕುವ ದಪ್ಪ ಸಾಕ್ಸನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ಅಂಗಡಿಯ ಹುಡುಗ ಮೊದಲು ತೆಗೆದಿಟ್ಟದ್ದು ಗಿಣ್ಣಿನ ಮೇಲಿನವರೆಗೂ ಬರುವ ಭಾರದ ಬೂಟು. "ಅಕ್ಕಾ, ಇದು ಫುಲ್ ವಾಟರ್‌ಪ್ರೂಫ್, ಕಾಲು ಉಳುಕೋ ಮಾತೇ ಇಲ್ಲ" ಅಂದ. ಒಂದು ಕಾಲಿನದೇ ಮುಕ್ಕಾಲು ಕಿಲೋ ತೂಗುವಂತಿತ್ತು. ನನ್ನ ಹಳೇ ಬೂಟೂ ಒಂದೊಂದು 650 ಗ್ರಾಂ ಇತ್ತು. ಕಾಲಿನ ಭಾರ ಬೆನ್ನಿನ ಭಾರದಂತಲ್ಲ. ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕು, ಮುಂದಕ್ಕೆ ಬೀಸಬೇಕು, ಇಳಿಸಬೇಕು. ಪಾದದ ಮೇಲೆ ಒಂದು ಕಿಲೋ ಹೊತ್ತರೆ ಬೆನ್ನ ಮೇಲೆ ಐದಾರು ಕಿಲೋ ಹೊತ್ತಷ್ಟು ದಣಿವು ಎಂದು ನಡಿಗೆಯನ್ನು ಅಳೆದು ನೋಡಿದವರು ಹೇಳುತ್ತಾರೆ.

ಇನ್ನು ಉಳುಕಿನ ಮಾತು. ಬೂಟು ಎತ್ತರವಿದ್ದ ಮಾತ್ರಕ್ಕೆ ಪಾದದ ಗಂಟು ಭದ್ರ ಎನ್ನುವುದನ್ನು ನಾನು ಈಗ ನಂಬುವುದಿಲ್ಲ. ನನ್ನ ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಬೇರೆಯೇ: ದಿನಾ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ, ಗಂಟಿನ ಸುತ್ತಲ ಸ್ನಾಯು ಗಟ್ಟಿಯಾಗಲಿ, ಶೂ ಕೊಳ್ಳುವಾಗ ಹಿಮ್ಮಡಿ ಹಿಡಿದು ನೋಡಿ. ಹಿಡಿದು ನೋಡುವುದೆಂದರೆ ಹೀಗೆ. ಶೂವಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಒಳಕ್ಕೆ ಕುಸಿಯಬಾರದು. ಮುಂದಿನ ತುದಿಯನ್ನೂ ಹಿಂದಿನ ತುದಿಯನ್ನೂ ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳಬಾರದು. ಮಡಚಿದಾಗ ಬೆರಳುಗಳ ಬುಡದಲ್ಲಿ ಮಡಚಬೇಕು, ನಡುವಿನ ಕಮಾನಿನ ಹತ್ತಿರ ಮಡಚಿದರೆ ಆ ಶೂ ಕಲ್ಲುದಾರಿಗೆ ಆಗದು. ಹುಡುಗ ತೆಗೆದ ಏಳೆಂಟು ಜೊತೆಗಳಲ್ಲಿ ಇದಿಷ್ಟಕ್ಕೂ ಒಗ್ಗಿದ್ದು ಎರಡು.

ಎರಡನ್ನೂ ಹಾಕಿಕೊಂಡು ಅಂಗಡಿಯ ನೆಲಮಾಳಿಗೆಯ ಮೆಟ್ಟಿಲು ಇಳಿದೆ. ಇಳಿಯುವಾಗಲೇ ಶೂವಿನ ನಿಜ ತಿಳಿಯುವುದು. ಒಂದರಲ್ಲಿ ನಾಲ್ಕನೇ ಮೆಟ್ಟಿಲಿಗೇ ಉಂಗುಟದ ಉಗುರು ಮುಂದಕ್ಕೆ ತಾಗಿತು, ಅದನ್ನು ಬಿಟ್ಟೆ. ಇನ್ನೊಂದು ನನ್ನ ಮಾಮೂಲಿ ನಂಬರಿಗಿಂತ ಅರ್ಧ ದೊಡ್ಡದು, ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ, ಹಿಮ್ಮಡಿ ಮಾತ್ರ ಅಲುಗಲಿಲ್ಲ. ತೂಕ 380 ಗ್ರಾಂ. ಕೊನೆಗೆ ನೀರಿನ ಬಾಟಲಿ ತೆಗೆದು ಅಂಗಡಿಯ ಗ್ರಾನೈಟ್ ಮೆಟ್ಟಿಲಿನ ಮೇಲೆ ಒಂದಿಷ್ಟು ಚೆಲ್ಲಿದೆ. ಮಾಲೀಕರು ಗಾಬರಿಯಾಗಿ ಎದ್ದು ಬಂದರು. ನಾನು ಅದರ ಮೇಲೆ ಒಂದು ಕಾಲು ಊರಿ ಒತ್ತಿ ಜಾರಿಸಿ ನೋಡಿದೆ. ಶೂ ಕಿರ್ ಎಂದು ಕಚ್ಚಿ ನಿಂತಿತು. ಮಾಲೀಕರು ನೆಲ ಒರೆಸುವ ಬಟ್ಟೆ ತರಿಸುತ್ತಾ, "ಇನ್ನೊಂದು ಜೊತೆಯನ್ನೂ ಹಾಗೇ ನೋಡಿ ಅಮ್ಮಾ, ನಮಗೂ ಗೊತ್ತಾಗಲಿ" ಅಂದರು.

ಮಗಳು ಕೊಂಡದ್ದು ಜಾಲರಿ ಬಟ್ಟೆಯ ಶೂ. ಕಾಡುದಾರಿಯಲ್ಲಿ ಓಡುವವರು ಹಾಕುವಂಥದ್ದು, ವಾಟರ್‌ಪ್ರೂಫ್ ಅಲ್ಲ. "ನೀರು ಹೇಗಿದ್ರೂ ಒಳಗೆ ಬರುತ್ತೆ ಅಮ್ಮ, ಹೊರಗೆ ಹೋಗೋಕೂ ದಾರಿ ಇರಲಿ" ಅನ್ನುವುದು ಅವಳ ವಾದ. ನಾನು ಒಪ್ಪಲಿಲ್ಲ, ನಾನು ಕೊಂಡದ್ದು ವಾಟರ್‌ಪ್ರೂಫೇ. ಮೂರು ವಾರ ಇಬ್ಬರೂ ನಮ್ಮ ನಮ್ಮ ಶೂ ಹಾಕಿಕೊಂಡು ತುಂಗೆಯ ದಡದಲ್ಲಿ ಬೆಳಗಿನ ವಾಕಿಂಗ್ ಮಾಡಿದೆವು. ಹೊಸ ಶೂವನ್ನು ನೇರ ಗುಡ್ಡಕ್ಕೆ ಒಯ್ದು ಬೊಕ್ಕೆ ಎಬ್ಬಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲ ದಿನ: ಕವಲೇದುರ್ಗ

ಹಸ್ತ ಮಳೆ ಹುಟ್ಟಿದ ಮರುದಿನ ಬೆಳಗ್ಗೆ ಆರಕ್ಕೆ ಹೊರಟು ತೀರ್ಥಹಳ್ಳಿಯಲ್ಲಿ ಕಡುಬು ತಿಂದು ಕವಲೇದುರ್ಗ ಸೇರಿದೆವು. ಊರು ದಾಟಿದರೆ ಗದ್ದೆ, ಗದ್ದೆಯ ಅಂಚಿನಲ್ಲಿ ಮೊಣಕಾಲುದ್ದ ಹುಲ್ಲು, ಹುಲ್ಲಿನ ತುಂಬ ರಾತ್ರಿಯ ಮಳೆ. ಹತ್ತು ನಿಮಿಷ ನಡೆಯುವಷ್ಟರಲ್ಲಿ ಮಗಳ ಸಾಕ್ಸ್ ನೆನೆದು ಪಚಪಚ ಅನ್ನತೊಡಗಿತು. ನನ್ನ ಪಾದ ಒಣಗಿಯೇ ಇತ್ತು. ನೀರಿನ ಹನಿಗಳು ಶೂವಿನ ಮೇಲೆ ಕೆಸುವಿನ ಎಲೆಯ ಮೇಲೆ ಕೂತ ಹಾಗೆ ಉಂಡೆಯಾಗಿ ಉರುಳಿ ಬೀಳುತ್ತಿದ್ದವು.

ಹನಿ ಉರುಳುವುದು ಹೊರಬಟ್ಟೆಯ ಮೇಲ್ಲೇಪದಿಂದ, ಪಾದ ಒಣಗಿರುವುದರ ಒಳಗುಟ್ಟು ಮಾತ್ರ ಅದರ ಒಳಗಿನ ತೆಳ್ಳಗಿನ ಒಂದು ಪೊರೆ. 1969ರಲ್ಲಿ ಅಮೆರಿಕದ ಬಾಬ್ ಗೋರ್, ದೋಸೆ ಕಾವಲಿಗೆ ಬಳಿಯುವ ಟೆಫ್ಲಾನ್ ಜಾತಿಯ ವಸ್ತುವನ್ನು ಬಿಸಿ ಮಾಡಿ ಸರಕ್ಕನೆ ಎಳೆದಾಗ ಅದು ಹರಿಯದೆ ಹಿಗ್ಗಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಹಾಳೆಯಾಯಿತು. ಅದೇ ಗೋರ್‌ಟೆಕ್ಸ್. ರಂಧ್ರ ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕದು, ಆದರೆ ಬೆವರಿನ ಆವಿಯ ಕಣಕ್ಕಿಂತ ದೊಡ್ಡದು. ಹೊರಗಿನ ನೀರು ಒಳಗೆ ಬರಲಾರದು, ಒಳಗಿನ ಆವಿ ಹೊರಗೆ ಹೋಗಬಲ್ಲದು. ಈಗ ಬೇರೆ ಬೇರೆ ಕಂಪನಿಗಳೂ ತಮ್ಮದೇ ಪೊರೆ ಹಾಕುತ್ತವೆ.

ಗದ್ದೆ ಮುಗಿದು ಕಲ್ಲುಹಾಸಿನ ದಾರಿ ಶುರುವಾಯಿತು. ಕೆಳದಿ ನಾಯಕರ ಕಾಲದ ಭದ್ರ ಕೋಟೆ, ಒಂದರ ಮೇಲೊಂದು ಸುತ್ತು, ಸುತ್ತಿಗೊಂದು ಹೆಬ್ಬಾಗಿಲು. ಕಲ್ಲುಗಳೆಲ್ಲ ಶತಮಾನಗಳ ಕಾಲ್ತುಳಿತಕ್ಕೆ ನುಣುಪಾಗಿವೆ, ಮೇಲೆ ಮಳೆಗಾಲದ ಹಾವಸೆ. ಇಲ್ಲಿ ನನಗೆ ಒಂದು ವಿಷಯ ಮನದಟ್ಟಾಯಿತು. ಅಟ್ಟೆಯ ಹಲ್ಲು ಎಷ್ಟು ಆಳ ಎಂದು ನಾವೆಲ್ಲ ಬಗ್ಗಿ ನೋಡುತ್ತೇವಲ್ಲ, ಆ ಹಲ್ಲು ಕೆಸರಿಗೆ ಮತ್ತು ಸಡಿಲ ಮಣ್ಣಿಗೆ. ಒದ್ದೆ ಕಲ್ಲಿನ ಮೇಲೆ ಕಚ್ಚಿ ಹಿಡಿಯುವುದು ರಬ್ಬರಿನ ಮೆದುತನ. ಗಟ್ಟಿ ರಬ್ಬರಿನ ಆಳ ಹಲ್ಲಿನ ಶೂ ಒದ್ದೆ ಕಲ್ಲಿನ ಮೇಲೆ ಗಾಜಿನ ಮೇಲಿಟ್ಟ ಲೋಟದಂತೆ ಸರಿಯುತ್ತದೆ. ನನ್ನದು ಒದ್ದೆ ಕಲ್ಲಿನ ಮೇಲೆ ಚೆನ್ನಾಗಿ ನಿಂತಿತು. ಹಸಿರು ಹಾವಸೆಯ ಮೇಲೆ ಮಾತ್ರ ನಿಲ್ಲಲಿಲ್ಲ, ಮಗಳದ್ದೂ ನಿಲ್ಲಲಿಲ್ಲ. ಹಾವಸೆಯ ಮೇಲೆ ನಿಲ್ಲುವ ರಬ್ಬರ್ ಇಲ್ಲವೇ ಇಲ್ಲ ಎಂದುಕೊಂಡು ಕಾಲಿಡುವುದೇ ಕ್ಷೇಮ. ಹಸಿರು ಕಂಡಲ್ಲಿ ಕಲ್ಲಿನ ಅಂಚು, ಸಂದಿಯ ಮಣ್ಣು, ಹುಲ್ಲಿನ ಬುಡ ಹುಡುಕಿ ಹೆಜ್ಜೆ ಹಾಕಿದೆವು.

ಮಂಜು ಮುಚ್ಚಿದ್ದರಿಂದ ಮೇಲಿನ ಶ್ರೀಕಂಠೇಶ್ವರ ದೇವಸ್ಥಾನ ಹತ್ತಿರ ಹೋಗುವವರೆಗೂ ಕಾಣಲಿಲ್ಲ. ಅರಮನೆಯ ಅಡಿಪಾಯದ ಪಕ್ಕ ಕೂತು ಬುತ್ತಿಯ ಚಿತ್ರಾನ್ನ ತಿಂದೆವು. ಇಳಿಯುವ ಮುನ್ನ ಲೇಸು ಬಿಚ್ಚಿ ಹೊಸದಾಗಿ ಕಟ್ಟಿದೆ. ಕೊನೆಯ ಎರಡು ತೂತುಗಳ ನಡುವೆ, ಅದೇ ಬದಿಯಲ್ಲಿ ಲೇಸನ್ನು ಮೇಲಿನಿಂದ ತೂರಿಸಿ ಸಣ್ಣ ಕುಣಿಕೆ ಬಿಡಬೇಕು. ಎರಡೂ ಬದಿಗೆ ಕುಣಿಕೆಯಾದ ಮೇಲೆ ಎಡಗಡೆ ತುದಿಯನ್ನು ಬಲ ಕುಣಿಕೆಗೆ, ಬಲಗಡೆ ತುದಿಯನ್ನು ಎಡ ಕುಣಿಕೆಗೆ ತೂರಿಸಿ ಕೆಳಕ್ಕೆ ಜಗ್ಗಿ ಗಂಟು ಹಾಕಬೇಕು. ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಇಳಿಜಾರಿನಲ್ಲಿ ಪಾದ ಮುಂದಕ್ಕೆ ಸರಿಯುವುದಿಲ್ಲ. ಇದಕ್ಕೆ ಕಾಸಿಲ್ಲ, ಕಲಿಯಲು ಐದು ನಿಮಿಷ. ಮುಂಚೆ ಗೊತ್ತಿದ್ದರೆ ನನ್ನ ಎರಡು ಉಗುರು ಉಳಿಯುತ್ತಿದ್ದವು.

ಎರಡನೇ ದಿನ: ಆಗುಂಬೆ, ಕುಂದಾದ್ರಿ, ನಗರ

ರಾತ್ರಿ ತಂಗಿದ್ದು ಆಗುಂಬೆಯಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು, ಹೆಂಚಿನ ಮೇಲಿನ ಸದ್ದು ಬೆಳಗಾದರೂ ನಿಲ್ಲಲಿಲ್ಲ.

ಕುಂದಾದ್ರಿಗೆ ಗಾಡಿ ಹೋಗುವ ರಸ್ತೆಯಿದೆ, ನಾವು ಕೆಳಗೇ ಇಳಿದು ನಡೆದೆವು. ಮೇಲೆ ಪಾರ್ಶ್ವನಾಥ ಬಸದಿ, ಬಂಡೆಯ ನಡುವಿನ ಕೊಳ, ಸುತ್ತ ಬಿಳಿ ಮಂಜು ಬಿಟ್ಟರೆ ಏನೂ ಇಲ್ಲ. ಬರಿಗಾಲಲ್ಲಿ ದರ್ಶನ ಮಾಡಿ ಬಂದು ಶೂ ಹಾಕುವಾಗ ನೋಡಿದರೆ ನನ್ನ ಸಾಕ್ಸ್ ಒದ್ದೆ. ಎಲ್ಲಿಂದಲೂ ನೀರು ಒಳಗೆ ಬಂದಿರಲಿಲ್ಲ, ಅದು ನನ್ನದೇ ಬೆವರು. ಪೊರೆಯ ಮೂಲಕ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಹಿಂಡಿದರೆ ನೀರು ಬರುವಂಥ ಆಗುಂಬೆಯ ಗಾಳಿಯಲ್ಲಿ ಆವಿ ಹೋಗುವುದಾದರೂ ಎಲ್ಲಿಗೆ? ಅದರ ಮೇಲೆ, ದಿನವಿಡೀ ಮಳೆಯಲ್ಲಿ ನೆನೆದು ಹೊರಬಟ್ಟೆಯೇ ನೀರು ಕುಡಿದುಬಿಟ್ಟರೆ ಉಳಿದ ದಾರಿಯೂ ಮುಚ್ಚಿದಂತೆ. ಶೂವಿನ ಡಬ್ಬಿಯ ಮೇಲೆ ಬರೆದದ್ದೆಲ್ಲ ಒಣ ಚಳಿಯ ದೇಶದಲ್ಲಿ ನಿಜ, ನಮ್ಮಲ್ಲಿ ಅರ್ಧ ನಿಜ. ಹತ್ತಿಯ ಸಾಕ್ಸ್ ಬಿಚ್ಚಿಟ್ಟು ಉಣ್ಣೆ ಬೆರೆತದ್ದು ಹಾಕಿಕೊಂಡೆ. ಒದ್ದೆಯಾದರೂ ಅದು ಚರ್ಮಕ್ಕೆ ಅಂಟಿ ಉಜ್ಜುವುದಿಲ್ಲ.

ಮಧ್ಯಾಹ್ನ ನಗರ ಎಂಬ ಊರಿನ ಕೋಟೆಯ ಮೇಲೆ ಅರ್ಧ ಗಂಟೆ. ಸಂಜೆ ನಿಟ್ಟೂರಿನ ಹತ್ತಿರದ ಒಂದು ತೋಟದ ಮನೆ.

ಮೂರನೇ ದಿನ: ಹಿಡ್ಲುಮನೆ, ಕೊಡಚಾದ್ರಿ

ಗೈಡ್ ಅಣ್ಣ ಏಳಕ್ಕೇ ಬಂದು ಜಗಲಿಯಲ್ಲಿ ಕಷಾಯ ಕುಡಿಯುತ್ತಿದ್ದರು. ಅವರ ಕಾಲಲ್ಲಿ ತೋಟದ ಕೆಲಸಕ್ಕೆ ಹಾಕುವ ಪ್ಲಾಸ್ಟಿಕ್ ಶೂ, ಕೆಳಗೆ ಸಣ್ಣ ಸಣ್ಣ ಗುಬ್ಬಿ. ನಮ್ಮಿಬ್ಬರ ಶೂವನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ನನ್ನದರ ನಾಲಗೆಯನ್ನು ಹೊರಕ್ಕೆಳೆದು, "ಇದು ಒಳ್ಳೇದು ಅಕ್ಕಾ, ಎರಡೂ ಬದಿ ಹೊಲಿದಿದಾರೆ. ಉಂಬಳ ನುಗ್ಗೋದೇ ಇಲ್ಲಿ" ಅಂದರು. ಕೊಳ್ಳುವಾಗ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನಾಲಗೆ ಬಿಡಿಯಾಗಿದ್ದರೆ ಅದರ ಪಕ್ಕದ ಸಂದಿಯೇ ನೀರಿಗೂ ಮಣ್ಣಿಗೂ ಉಂಬಳಕ್ಕೂ, ಅಂದರೆ ಕಾಡಿನ ಜಿಗಣೆಗೂ, ಹೆಬ್ಬಾಗಿಲು. ಮೊಣಕಾಲವರೆಗಿನ ಉಂಬಳದ ಸಾಕ್ಸ್ ಹಾಕಿಕೊಂಡೆವು. ಮನೆಯ ಅಜ್ಜಿ ಹೊಗೆಸೊಪ್ಪು, ಸುಣ್ಣ ಕಟ್ಟಿದ ಬಟ್ಟೆಯ ಗಂಟೊಂದನ್ನು ಕೋಲಿನ ತುದಿಗೆ ಸಿಕ್ಕಿಸಿ ಕೊಟ್ಟರು. "ಕಚ್ಚಿದ್ರೆ ಇದನ್ನ ಮುಟ್ಟಿಸು ಮಗಾ, ಕಿತ್ತು ಎಳೀಬೇಡ."

ಜೀಪು ಬಿಟ್ಟಲ್ಲಿಂದ ಕಾಡಿನೊಳಗೆ ಸ್ವಲ್ಪ ದೂರಕ್ಕೇ ಮೊದಲ ಹಳ್ಳ. ಶೂ ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡು ದಾಟಿದೆ. ಎರಡನೆಯದಕ್ಕೂ ಬಿಚ್ಚಲು ಕೂತಾಗ ಗೈಡ್ ಅಣ್ಣ ತಡೆದರು. "ಇಲ್ಲಿ ಬೇಡ ಅಕ್ಕಾ. ನೀರಿಗೆ ಸೆಳೆತ ಇದೆ, ಬರಿಗಾಲಿಗೆ ಕಲ್ಲು ಜಾರುತ್ತೆ. ಶೂ ಒಣಗಿಸ್ಕೋಬಹುದು, ಕಾಲು ಮುರಿದ್ರೆ?" ಅವರು ಹೇಳಿದ್ದು ಸರಿ. ಇಳಿದೆ. ನೀರು ಮೀನಖಂಡದ ಮಟ್ಟಕ್ಕೆ ಬಂತು, ಶೂವಿನ ಕಂಠ ದಾಟಿ ತಣ್ಣಗೆ ಒಳಗೆ ಸುರಿಯಿತು.

ದಡ ಹತ್ತಿದ ಮೇಲೆ ಇಬ್ಬರ ಕಾಲನ್ನೂ ನೋಡಿಕೊಂಡೆವು. ಮಗಳು ನಾಲ್ಕು ಹೆಜ್ಜೆ ಇಟ್ಟಳು, ಒಂದೊಂದು ಹೆಜ್ಜೆಗೂ ಜಾಲರಿಯಿಂದ ನೀರು ಚಿಮ್ಮಿತು, ಇಪ್ಪತ್ತು ಹೆಜ್ಜೆಗೆ ಚಿಮ್ಮುವುದು ನಿಂತಿತು. ನನ್ನದು ತಂಬಿಗೆ. ನೀರು ಒಳಗೆ ಬಿಡದ ಪೊರೆ ಹೊರಗೂ ಬಿಡುವುದಿಲ್ಲ. ಬಂಡೆಯ ಮೇಲೆ ಕೂತು ಒಂದೊಂದೇ ಶೂ ಕಳಚಿ ಬಗ್ಗಿಸಿದೆ, ಇನ್‌ಸೋಲ್ ತೆಗೆದು ಹಿಂಡಿದೆ, ಸಾಕ್ಸ್ ಹಿಂಡಿ ಮತ್ತೆ ಹಾಕಿದೆ. ಅಷ್ಟು ಮಾಡಿದರೂ ಆ ದಿನ ಪೂರ್ತಿ ಪಾದ ಒದ್ದೆಯಲ್ಲೇ ಇತ್ತು. "ನೀನು ಹೇಳಿದ್ದು ಹೌದು ಪುಟ್ಟಿ" ಅಂದೆ. ಅವಳು ಏನೂ ಹೇಳದೆ ನನ್ನ ಇನ್‌ಸೋಲನ್ನು ಇನ್ನೊಂದು ಸಲ ಹಿಂಡಿಕೊಟ್ಟಳು.

ಹಿಡ್ಲುಮನೆಯಲ್ಲಿ ದಾರಿ ಜಲಪಾತದ ಪಕ್ಕದಲ್ಲೇ ಏರುತ್ತದೆ. ಅಲ್ಲಲ್ಲಿ ನಾಲ್ಕೂ ಕೈಕಾಲು ಬೇಕು. ಒದ್ದೆ ಬೇರು ಹಾವಸೆಗಿಂತ ಅಪಾಯ, ಕಾಲಿಟ್ಟರೆ ಹೋಗಿಯೇ ಹೋಯಿತು. ಗೈಡ್ ಅಣ್ಣನ ನಡಿಗೆಯನ್ನು ಹಿಂದಿನಿಂದ ನೋಡುತ್ತಾ ಹತ್ತಿದೆ. ಅವರು ಹಿಮ್ಮಡಿ ಮೊದಲು ಊರುವುದೇ ಇಲ್ಲ. ಇಡೀ ಪಾದವನ್ನು ಒಟ್ಟಿಗೆ ಚಪ್ಪಟೆ ಇಡುತ್ತಾರೆ, ಅರೆಕ್ಷಣ ತಡೆದು ಭಾರ ಹಾಕುತ್ತಾರೆ. ಹಾಗೆ ಇಟ್ಟರೆ ಅಟ್ಟೆಯ ರಬ್ಬರ್ ಪೂರ್ತಿ ಕಲ್ಲಿಗೆ ತಾಗುತ್ತದೆ. ನಾನೂ ಹಾಗೇ ಹಾಕಲು ಶುರುಮಾಡಿದ ಮೇಲೆ ಜಾರುವುದು ಎಷ್ಟೋ ಕಡಿಮೆಯಾಯಿತು.

ಹಲ್ಲಿನ ರಬ್ಬರ್ ಅಟ್ಟೆ ಹುಟ್ಟಿದ್ದೇ ಒಂದು ದುಃಖದಿಂದ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಜನ ಸಂಗಾತಿಗಳನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಮಾನಿ, ಅವರ ಕಾಲಲ್ಲಿದ್ದ ಬೂಟು ಆ ಹಿಮಕ್ಕೆ, ಆ ಬಂಡೆಗೆ ತಕ್ಕುದಾಗಿರಲಿಲ್ಲ ಎಂಬ ಕೊರಗಿನಲ್ಲಿ 1937ರಲ್ಲಿ ಹೊಸ ಅಟ್ಟೆ ಮಾಡಿದ. ಅವನ ಹೆಸರಿನ ಮೊದಲಕ್ಷರಗಳೇ ವೀಬ್ರಮ್. ಏರುವಾಗ ಮಗಳಿಗೆ ಇದನ್ನು ಹೇಳುತ್ತಿದ್ದೆ. ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸಿ, ಉಳಿದರ್ಧ ಹುಲ್ಲುಗಾವಲು ಸಿಕ್ಕಮೇಲೆ ಹೇಳಿದೆ.

ಮೇಲೆ ಗಾಳಿ. ಗುಡ್ಡದ ನೆತ್ತಿಯ ಹುಲ್ಲು ಒಂದೇ ಕಡೆಗೆ ಮಲಗಿತ್ತು. ಮಗಳ ಪಾದ ಚಳಿಗೆ ಬೆಳ್ಳಗೆ ಮುದುಡಿತ್ತು, ನನ್ನದು ಒದ್ದೆಯಾದರೂ ಬೆಚ್ಚಗಿತ್ತು. ಪೊರೆ ಗಾಳಿಯನ್ನು ತಡೆದಿತ್ತು. ದೇವಸ್ಥಾನದ ಹತ್ತಿರ ಉಂಬಳ ಬಿಡಿಸಿದೆವು. ಅವಳಿಗೆ ಏಳು, ನನಗೆ ಎರಡು, ಅವೂ ಮೊಣಕಾಲಿನ ಮೇಲೆ. ಕಚ್ಚಿದ ಜಾಗದಲ್ಲಿ ರಕ್ತ ಬಹಳ ಹೊತ್ತು ಜಿನುಗಿತು, ಹೆಪ್ಪುಗಟ್ಟದಂತೆ ಮಾಡುವ ವಸ್ತು ಉಂಬಳದ ಜೊಲ್ಲಿನಲ್ಲಿದೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ. 1,343 ಮೀಟರ್ ಎತ್ತರದಲ್ಲಿ ಆ ಕಲ್ಲಿನ ಪುಟ್ಟ ಮಂಟಪ ಮಂಜಿನೊಳಗೆ ಒಂದು ಸಲ ಕಂಡು ಮರೆಯಾಯಿತು.

ಪೀಠದಿಂದ ಇಳಿಯುವಾಗ ಅದೇ ಆಯಿತು. ಕಳೆದ ವರ್ಷದಂತೆಯೇ ಸಡಿಲ ಕಲ್ಲು, ಅದೇ ಬಲಗಾಲು. ಕಲ್ಲು ಹೊರಳಿತು, ಶೂವಿನ ಹೊರಅಂಚು ಮೇಲೆದ್ದಿತು. ಎದೆ ಧಸಕ್ಕೆಂದಿತು. ಆದರೆ ಪಾದ ಶೂವಿನೊಳಗೆ ಸರಿಯಲಿಲ್ಲ. ಹಿಮ್ಮಡಿ ಕೂತಲ್ಲೇ ಕೂತಿತ್ತು, ನಡುವಿನ ಗಟ್ಟಿ ಪಟ್ಟಿ ತಿರುಚಿಕೊಳ್ಳಲಿಲ್ಲ, ಶೂ ಹಲಗೆಯಂತೆ ಇಡಿಯಾಗಿ ವಾಲಿ ಮತ್ತೆ ನೆಲಕ್ಕೆ ಕೂತಿತು. ನಾನು ಎರಡು ನಿಮಿಷ ಅಲ್ಲೇ ನಿಂತೆ. ಹೋದ ವರ್ಷದಿಂದ ಎದೆಯಲ್ಲಿ ಹೊತ್ತುಕೊಂಡಿದ್ದ ಹೆದರಿಕೆ ಆಗ ಇಳಿಯಿತು. ಮಲೆನಾಡಿನ ದಾರಿಗೆ ಶೂ ಕೊಳ್ಳುವವರು ಯಾರೇ ಕೇಳಿದರೂ ನಾನು ಈಗ ಹೇಳುವುದು ಇದೇ ಅನುಕ್ರಮ: ಮೊದಲು ಹಿಮ್ಮಡಿಯ ಹಿಡಿತ, ಆಮೇಲೆ ಅಟ್ಟೆಯ ರಬ್ಬರ್, ಆಮೇಲೆ ತೂಕ. ವಾಟರ್‌ಪ್ರೂಫ್ ನಾಲ್ಕನೆಯದು. ಹಸ್ತದಿಂದ ಸಂಕ್ರಾಂತಿಯವರೆಗೆ, ಇಬ್ಬನಿ ಹುಲ್ಲಿನಲ್ಲಿ, ತುಂತುರಿನಲ್ಲಿ ನಡೆಯುವವರಿಗೆ ಅದು ಬೇಕು. ಹಳ್ಳ ದಾಟುವ ದಾರಿಗೆ, ಬೇಸಿಗೆಯ ಬಿಸಿಲಿಗೆ ಮಗಳ ಜಾಲರಿಯೇ ಮೇಲು.

ಜೀಪಿನಲ್ಲಿ ಇಳಿಯುವಾಗ ಮಗಳು ಮೊಬೈಲ್ ನೋಡಿದಳು. 22,000 ಹೆಜ್ಜೆ. ಹಳೇ ಬೂಟಿಗಿಂತ ಒಂದೊಂದು ಹೆಜ್ಜೆಗೂ 270 ಗ್ರಾಂ ಕಡಿಮೆ ಎತ್ತಿದ್ದೇನೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಆರು ಟನ್, ಅಂದರೆ ಅರವತ್ತು ಕ್ವಿಂಟಲ್ ಅಡಿಕೆ. "ಅಷ್ಟು ಅಡಿಕೆ ನಮ್ಮ ಇಡೀ ಕೇರಿಯದ್ದೂ ಆಗಲ್ಲ ಅಕ್ಕಾ" ಅಂದರು ಗೈಡ್ ಅಣ್ಣ.

ನಾಲ್ಕನೇ ದಿನ: ತೋಟದ ಮನೆ, ವಾಪಸು

ರಾತ್ರಿ ಅಜ್ಜಿ ಪ್ರೀತಿಯಿಂದ ನನ್ನ ಶೂ ಎತ್ತಿಕೊಂಡು ಬಚ್ಚಲೊಲೆಯ ಕಡೆ ಹೊರಟಿದ್ದರು. ಓಡಿಹೋಗಿ ತಡೆದೆ. ಬೆಂಕಿಯ ಕಾವಿಗೆ ಅಟ್ಟೆಯ ಅಂಟು ಬಿಡುತ್ತದೆ, ಹೊರಗಿನ ಬಟ್ಟೆ ಸೆಟೆದುಕೊಳ್ಳುತ್ತದೆ. "ಹಾಗಾದ್ರೆ ಪೇಪರ್ ತುರುಕು" ಎಂದು ಹಳೇ ಪತ್ರಿಕೆಗಳ ಕಟ್ಟನ್ನೇ ತಂದಿಟ್ಟರು. ಇನ್‌ಸೋಲ್ ಹೊರಗಿಟ್ಟು, ಲೇಸು ಪೂರ್ತಿ ಸಡಿಲಿಸಿ, ಪೇಪರ್ ಉಂಡೆ ಮಾಡಿ ಬೆರಳ ತುದಿಯವರೆಗೂ ತುಂಬಿದೆ. ಮಲಗುವಾಗ ಒಂದು ಸಲ, ನಡುರಾತ್ರಿ ಎದ್ದಾಗ ಒಂದು ಸಲ ಬದಲಾಯಿಸಿದೆ. ಬೆಳಗ್ಗೆ ಮಗಳ ಶೂ ಬಹುಪಾಲು ಒಣಗಿತ್ತು. ನನ್ನದರ ಮುಂಭಾಗದಲ್ಲಿ ಕೈಹಾಕಿದರೆ ಇನ್ನೂ ತಣ್ಣಗೆ.

ಅಜ್ಜಿಗೆ ನಮಸ್ಕಾರ ಮಾಡಿ ಹೊಸನಗರದ ಮೇಲೆ ಶಿವಮೊಗ್ಗಕ್ಕೆ ಬಂದೆವು. ಮನೆಯಲ್ಲಿ ಕೆಸರನ್ನು ಬರೀ ನೀರು ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಬಟ್ಟೆ ತೊಳೆಯುವ ಪೌಡರ್ ತಾಗಿಸಲಿಲ್ಲ. ಅದು ತಾಗಿದರೆ ಹನಿ ಉರುಳಿಸುವ ಮೇಲ್ಲೇಪ ಕೆಡುತ್ತದೆ. ಮೂರನೇ ದಿನಕ್ಕೆ ಪೂರ್ತಿ ಒಣಗಿತು. ಇನ್‌ಸೋಲ್ ಹಾಕುವ ಮುನ್ನ ಅದರ ತಳದಲ್ಲಿ ಮಾರ್ಕರ್ ಪೆನ್ನಿನಿಂದ ಕೊಂಡ ತಿಂಗಳು, ವರ್ಷ ಬರೆದೆ. ಶೂ ಈಗ ಅಟ್ಟದ ಮೇಲಿಲ್ಲ, ಮುಂಬಾಗಿಲ ಪಕ್ಕದ ಗಾಳಿಯಾಡುವ ಗೂಡಿನಲ್ಲಿದೆ. ದೀಪಾವಳಿ ಕಳೆದ ಮೇಲೆ ನರಸಿಂಹ ಪರ್ವತಕ್ಕೆ ಹೋಗುವುದಿದೆ.